ತಿಮಿಂಗಿಲ ಯಾಕೆ ದೋಣಿಯೊಳಗೆ ಇಣುಕುತ್ತದೆ

ಲೋಕ ಆಗಷ್ಟೇ ಹೊಸದಾಗಿತ್ತು. ಕಡಲಿನ ನೀರಿಗೆ ಉಪ್ಪು ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಏಡಿ ನೇರ ನಡೆಯಬೇಕೋ ಅಡ್ಡ ನಡೆಯಬೇಕೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಆಕಾಶದಲ್ಲಿ ಸೂರ್ಯ ಇದ್ದ, ಚಂದ್ರನೂ ಇದ್ದ, ಆದರೆ ಚುಕ್ಕಿಗಳು ಹುಟ್ಟಿರಲಿಲ್ಲ. ಹಾಗಾಗಿ ಕಡಲಿಗೆ ಹೋದವರಿಗೆ ತಲೆಯೆತ್ತಿ ನೋಡಿ ದಾರಿ ತಿಳಿದುಕೊಳ್ಳುವ ಅನುಕೂಲ ಇರಲಿಲ್ಲ.

ಆ ಕಾಲದಲ್ಲಿ ತಿಮಿಂಗಿಲ ನೆಲದ ಮೇಲಿದ್ದ.

ನಗಬೇಡ ಮಗೂ. ನಾನು ಸುಳ್ಳು ಹೇಳುವವಳಲ್ಲ. ಹೇಳಬೇಕೆಂದರೂ ತಿಮಿಂಗಿಲದಷ್ಟು ದೊಡ್ಡ ಸುಳ್ಳು ನನ್ನ ಬಾಯಲ್ಲಿ ಹಿಡಿಸುವುದಿಲ್ಲ. ಅವನಿಗೆ ನಾಲ್ಕು ಕಾಲುಗಳಿದ್ದವು, ಒಂದೊಂದೂ ಹಳೆಯ ಮಾವಿನ ಮರದ ಬೊಡ್ಡೆಯಷ್ಟು ದಪ್ಪ. ಮೈ ಗುಡ್ಡದಷ್ಟು. ಗುಡ್ಡದಷ್ಟು ಮೈ ಇದ್ದವರಿಗೆ ಸಾಮಾನ್ಯವಾಗಿ ಜಂಬವೂ ಅಷ್ಟೇ ಇರುತ್ತದೆ. ಇವನಿಗೆ ಇರಲಿಲ್ಲ. ಮರಳಿನ ಮೇಲೆ ನಡೆಯುವಾಗ ಕಾಲಡಿ ಏಡಿ ಸಿಕ್ಕೀತು ಎಂದು ನೋಡಿ ನೋಡಿ ಹೆಜ್ಜೆ ಇಡುತ್ತಿದ್ದ.

ಅವನು ಇದ್ದದ್ದು ಒಂದು ಅಳಿವೆಯ ಹತ್ತಿರ. ಹೊಳೆ ಬಂದು ಕಡಲಿಗೆ ಸೇರುತ್ತದಲ್ಲ, ಆ ಬಾಯಿಗೆ ಅಳಿವೆ ಎನ್ನುತ್ತಾರೆ. ಎರಡೂ ಬದಿಗೆ ಕಪ್ಪು ಬಂಡೆಗಳು, ನಡುವೆ ಒಂದೇ ಒಂದು ದೋಣಿ ನುಗ್ಗುವಷ್ಟು ದಾರಿ. ಸಂಜೆಯ ಹೊತ್ತು ಕಡಲಿನಿಂದ ನೋಡಿದರೆ ಬಂಡೆ ಯಾವುದು, ನೀರು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಆ ದಡದಲ್ಲಿ ಮೀನು ಹಿಡಿಯುವವರ ಒಂದು ಊರಿತ್ತು.

ಊರವರು ತಿಮಿಂಗಿಲನನ್ನು ದೊಡ್ಡಣ್ಣ ಎಂದು ಕರೆಯುತ್ತಿದ್ದರು. ದೋಣಿಗಳು ಮರಳುವ ಹೊತ್ತಿಗೆ ದೊಡ್ಡಣ್ಣ ಅಳಿವೆಯ ಮರಳದಿಬ್ಬದ ತುದಿಗೆ ಹೋಗಿ ನಿಲ್ಲುತ್ತಿದ್ದ. ನಿಂತು, ನೆತ್ತಿಯ ಮೇಲಿನ ತೂತಿನಿಂದ ಉಸಿರು ಬಿಡುತ್ತಿದ್ದ. ಹೂಷ್! ಬೆಳ್ಳನೆಯ ಉಸಿರು ತೆಂಗಿನ ಮರವನ್ನೂ ಮೀರಿ ಮೇಲೇಳುತ್ತಿತ್ತು. ದೂರದಲ್ಲಿದ್ದ ದೋಣಿಯವರು ಅದನ್ನು ನೋಡಿ, "ಅಗಾ, ದೊಡ್ಡಣ್ಣನ ಉಸ್ರ್ ಕಾಣ್ತ್!" ಎಂದು ಆ ಕಡೆಗೆ ಹುಟ್ಟು ಹಾಕುತ್ತಿದ್ದರು.

ಹೂಷ್ ಎಂದರೆ ದಾರಿ ಇಲ್ಲಿದೆ. ಹೂಷ್ ಎಂದರೆ ಮನೆ ಇಲ್ಲಿದೆ. ಎಲ್ಲ ದೋಣಿಗಳೂ ಒಳಗೆ ಬಂದವು ಎನ್ನುವವರೆಗೆ ದೊಡ್ಡಣ್ಣ ಅಲ್ಲಿಂದ ಕಾಲು ತೆಗೆಯುತ್ತಿರಲಿಲ್ಲ.

ಎಲ್ಲರಿಗಿಂತ ಕೊನೆಗೆ ಬರುತ್ತಿದ್ದದ್ದು ಹೆರಿಯ. ದಿನವೂ ಅವನೇ ಕೊನೆ. ಕಾರಣ ಅವನ ದೋಣಿ. ಹಲಸಿನ ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿ, ವಿಪರೀತ ಭಾರ. ಉಳಿದವರು ಹಗುರ ಮರದ ದೋಣಿ ಮಾಡಿಸಿಕೊಂಡಿದ್ದರು. ಹೆರಿಯ ಮಾತ್ರ ಅದನ್ನೇ ಹಿಡಿದುಕೊಂಡಿದ್ದ.

"ಎಂತ ಭಾವ, ನಿಂತ್ ನಿಂತ್ ಕಾಲ್ ನೋವ್ ಬಂತಾ?" ಎಂದು ಅವನು ಅಳಿವೆಯೊಳಗೆ ನುಗ್ಗುತ್ತಾ ಕೇಳುತ್ತಿದ್ದ.

"ನಿನ್ನ ದೋಣಿ ಒಲೆಗ್ ಹಾಕ್ ಮಾರಾಯ. ಒಂದ್ ವರ್ಷದ್ ಸೌದಿ ಆತ್," ಎನ್ನುತ್ತಿದ್ದ ತಿಮಿಂಗಿಲ.

"ಅಪ್ಪ ಕೆತ್ತಿದ್ ದೋಣಿ ಭಾವ. ಒಲೆಗ್ ಹಾಕುಕೆ ಆತಿಲ್ಲ."

ದಿನವೂ ಇದೇ ಮಾತು. ದಿನವೂ ಇಬ್ಬರೂ ನಗುತ್ತಿದ್ದರು. ಭಾವ ಭಾವ ಎಂದರೆ ಹಾಗೇ, ಕೆಣಕದಿದ್ದರೆ ತಿಂದದ್ದು ಅರಗುವುದಿಲ್ಲ.

ಭಾವ ಹೇಗಾದ ಎಂದು ಕೇಳುತ್ತೀಯಾ? ಹೆರಿಯನ ಹೆಂಡತಿ ಬಚ್ಚಿ ಹೊಳೆಯಾಚೆಯ ಊರಿನವಳು. ಅವಳಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ಮದುವೆಯ ದಿನ ಹುಡುಗಿಯ ಬೊಗಸೆಗೆ ಅಣ್ಣನೋ ತಮ್ಮನೋ ಭತ್ತದ ಅರಳು ಹಾಕಬೇಕು. ಅಣ್ಣನಿಲ್ಲದ ಹುಡುಗಿ ಬೊಗಸೆ ಒಡ್ಡಿಕೊಂಡು ಸುಮ್ಮನೆ ಕುಳಿತಿದ್ದಳು. ಚಪ್ಪರದ ಹೊರಗೆ ನಿಂತಿದ್ದ ತಿಮಿಂಗಿಲನಿಗೆ ಅದನ್ನು ನೋಡಲಾಗಲಿಲ್ಲ. "ನಾ ಹಾಕ್ತೆ," ಎಂದು ಮುಂಗಾಲು ನೀಡಿ ಅರಳು ಹಾಕಿದ. ಹಾಕುವಾಗ ಉಸಿರು ಬಿಟ್ಟು ಅರ್ಧ ಅರಳು ಪುರೋಹಿತರ ತಲೆ ಮೇಲೆ ಹಾರಿತು, ಅದು ಬೇರೆ ಮಾತು. ಅಂದಿನಿಂದ ಬಚ್ಚಿ ಅವನನ್ನು ಅಣ್ಣಯ್ಯ ಎಂದೇ ಕರೆದಳು. ಊರಿಗೆಲ್ಲ ದೊಡ್ಡಣ್ಣ, ಅವಳೊಬ್ಬಳಿಗೆ ಅಣ್ಣಯ್ಯ.

ಪ್ರತಿದಿನ ಬೆಳಿಗ್ಗೆ ಹೆರಿಯನ ದೋಣಿ ಹೊರಟಾಗ ಬಚ್ಚಿ ದಡದಲ್ಲಿ ನಿಂತು ತಿಮಿಂಗಿಲನಿಗೆ ಒಂದೇ ಮಾತು ಹೇಳುತ್ತಿದ್ದಳು. "ಅಣ್ಣಯ್ಯ, ನಿನ್ನ ಭಾವ ಬಪ್ಪಲ್ಲಿವರೆಗೆ ನಿಂತಿರ್."

"ನಿಂತಿರ್ತೆ," ಎನ್ನುತ್ತಿದ್ದ ಅವನು.

ಆ ವರ್ಷ ಕಡಲು ಊರಿನ ಮೇಲೆ ಮುನಿಸಿಕೊಂಡಿತು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ, ಕಡಲು ಕಾರಣ ಕೊಟ್ಟು ಮುನಿಸಿಕೊಳ್ಳುವ ಪೈಕಿಯಲ್ಲ. ಬಲೆ ಬಿಟ್ಟರೆ ಬರೀ ಪಾಚಿ. ಗಾಳ ಹಾಕಿದರೆ ಬರೀ ನೀರು. ಊರಿನ ಮನೆಗಳಲ್ಲಿ ಗಂಜಿಗೆ ಉಪ್ಪು ಬಿಟ್ಟು ಬೇರೇನೂ ಇರಲಿಲ್ಲ, ಆಮೇಲಾಮೇಲೆ ಗಂಜಿಯೂ ತಿಳಿಯಾಯಿತು. ಬಚ್ಚಿ ಗಂಡನ ಬಟ್ಟಲಿಗೆ ಅಗುಳು ಬಡಿಸಿ ತಾನು ತಿಳಿ ಕುಡಿಯುತ್ತಿದ್ದಳು. ಅವನು ಅದನ್ನು ಕಂಡೂ ಕಾಣದವನ ಹಾಗೆ ಎದ್ದು ಇನ್ನಷ್ಟು ದೂರ, ಇನ್ನಷ್ಟು ದೂರ ಮೀನು ಹುಡುಕಿಕೊಂಡು ಹೋಗುತ್ತಿದ್ದ.

ಹಾಗಿರುವಾಗ ಒಂದು ದಿನ ಸಂಜೆ, ಕಡಲಿಗೆ ಹೋದವರೆಲ್ಲ ಬರಿಗೈಯಲ್ಲಿ ಮರಳಿ ಬಂದಿದ್ದರು. ಹೆರಿಯ ಒಬ್ಬ ಬಂದಿರಲಿಲ್ಲ. ಕಡಲಿನ ಮೇಲೆ ತೆಳ್ಳಗೆ ಮಂಜಿನ ಕಾವಳ ಇಳಿಯುತ್ತಿತ್ತು. ತಿಮಿಂಗಿಲ ಮರಳದಿಬ್ಬದ ತುದಿಯಲ್ಲಿ ನಿಂತು ಉಸಿರು ಬಿಡುತ್ತಿದ್ದ. ಹೂಷ್. ಹೂಷ್.

ಆಗ ಬಂಡೆಯ ಕೋಡಿನ ಆಚೆಯ ದಡದಿಂದ ಕೂಗು ಕೇಳಿತು. "ಬಂಗುಡೆ! ಬಂಗುಡೆ ಬಂತ್!"

ನಿಜವಾಗಿಯೂ ಬಂದಿತ್ತು. ಕಡಲಿನ ನೀರು ದಡದ ಹತ್ತಿರವೇ ಕುದಿಯುವ ಹಾಗೆ ಕುಣಿಯುತ್ತಿತ್ತು. ಅಷ್ಟು ದೊಡ್ಡ ಬಂಗುಡೆಯ ಹಿಂಡನ್ನು ಆ ಊರು ಕಂಡಿರಲಿಲ್ಲ. ಜನ ಓಡಿದರು, ರಂಪಣಿ ಬಲೆಯನ್ನು ಹೊತ್ತು ತಂದರು. ರಂಪಣಿ ಎಂದರೆ ಊರಗಲದ ಬಲೆ. ಅದನ್ನು ದೋಣಿಯಲ್ಲಿ ಕೊಂಡುಹೋಗಿ ಮೀನಿನ ಸುತ್ತ ಬಿಡುತ್ತಾರೆ. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಊರೆಲ್ಲ ದಡದಲ್ಲಿ ನಿಂತು ಎಳೆಯಬೇಕು.

ರಂಪಣಿಗೆ ಒಂದು ಕಟ್ಟಳೆಯಿತ್ತು. ಹಗ್ಗಕ್ಕೆ ಕೈ ಹಾಕಿದ ಮನೆಗೆ ಪಾಲು ಉಂಟು, ಕೈ ಹಾಕದ ಮನೆಗೆ ಇಲ್ಲ. ಆ ಕಾಲದಲ್ಲಿ ಹೆಂಗಸರು ಹಗ್ಗ ಮುಟ್ಟುವಂತಿರಲಿಲ್ಲ, ಬುಟ್ಟಿ ಹೊರುವುದಷ್ಟೇ ಅವರ ಕೆಲಸ. ಇನ್ನೊಂದು ಕಟ್ಟಳೆಯೂ ಇತ್ತು. ಬಲೆಯ ಹೊಟ್ಟೆ ದಡಕ್ಕೆ ಹತ್ತಿರ ಬಂದ ಮೇಲೆ ಎಲ್ಲರೂ ಉಸಿರು ಕಟ್ಟಿ ಎಳೆಯಬೇಕು. ಮೀನು ಮರಳು ಮುಟ್ಟುವವರೆಗೆ ಯಾರೂ ಉಸಿರು ಬಿಡಬಾರದು. ನಡುವೆ ಯಾರಾದರೂ ಉಸಿರು ಬಿಟ್ಟರೆ ಬಲೆ ಹರಿಯುತ್ತದೆ ಎಂದು ಅವರ ನಂಬಿಕೆ.

ಎಳೆದರು. ಬಲೆ ಕದಲಲಿಲ್ಲ. ಮತ್ತೆ ಎಳೆದರು. ಬಲೆಯೇ ಅವರನ್ನು ಎಳೆಯಿತು. ಮುಂದೆ ನಿಂತವರ ಮೊಣಕಾಲಿಗೆ ನೀರು ಬಂತು, ಆಮೇಲೆ ಸೊಂಟಕ್ಕೆ ಬಂತು.

ಊರಿನ ಹಿರಿಯನಿಗೆ ಗುರಿಕಾರ ಎನ್ನುತ್ತಿದ್ದರು. ಆ ಗುರಿಕಾರ ಏದುಸಿರು ಬಿಡುತ್ತಾ ಮರಳದಿಬ್ಬಕ್ಕೆ ಓಡಿ ಬಂದ.

"ದೊಡ್ಡಣ್ಣ, ಬೇಗ ಬಾ! ಬಲೆ ನಮ್ಮನ್ನೇ ಎಳ್ಕಂಡ್ ಹೋತಾ ಇತ್ತ್!"

"ಹೆರಿಯ ಬರ್ಲಿಲ್ಲ," ಎಂದ ತಿಮಿಂಗಿಲ. ಹೂಷ್.

"ಅವ ಎಂದ್ ಹೊತ್ತಿಗ್ ಸರಿಯಾಯ್ ಬಂದಿದ್ದ ಹೇಳ್? ಬತ್ತ. ನೀ ಬಾ."

"ಹೆರಿಯ ಬರ್ಲಿಲ್ಲ. ನಾ ಬತ್ತಿಲ್ಲ." ಹೂಷ್.

ಗುರಿಕಾರ ಹೋದ, ಮತ್ತೆ ಬಂದ. ಈ ಸಲ ಅವನ ಅಂಗೈ ಹಗ್ಗ ಉಜ್ಜಿ ರಕ್ತವಾಗಿತ್ತು. "ಊರ್ ಉಪವಾಸ ಇತ್ತ್ ದೊಡ್ಡಣ್ಣ. ಮಕ್ಕಳ್ ಮೋರೆ ಕಂಡಿದ್ಯಾ?"

ತಿಮಿಂಗಿಲ ಕಂಡಿದ್ದ. ಅವನ ಕಣ್ಣು ತುಂಬಿತು. ಆದರೂ ಕಾಲು ತೆಗೆಯಲಿಲ್ಲ. "ಹೆರಿಯ ಬರ್ಲಿ. ಬಂದ್ ಕೂಡ್ಲೇ ಓಡಿ ಬತ್ತೆ." ಹೂಷ್.

ಮೂರನೆಯ ಸಲ ಬಂದವಳು ಬಚ್ಚಿ. ಸೊಂಟದ ಮೇಲೆ ಖಾಲಿ ಬುಟ್ಟಿ ಇತ್ತು.

"ಅಣ್ಣಯ್ಯ," ಎಂದಳು. "ಎಲ್ರ ಮನೆದೂ ಒಂದೊಂದ್ ಕೈ ಹಗ್ಗದ್ ಮೇಲ್ ಇತ್ತ್. ನಮ್ಮನೆದ್ ಇಲ್ಲ. ಇಡೀ ಊರ್ ಮೀನ್ ಬೇಯ್ಸುವಾಗ ಇವರ್ ಬಂದ್ ನೀರ್ ಗಂಜಿ ಕುಡೀಕಾ? ನಿನ್ನ ಭಾವನ್ ಬದ್ಲಿಗ್ ನೀ ಒಂದ್ ಕೈ ಹಾಕ್. ಒಂದ್ ಗಳಿಗೆ. ಇವರ್ ಬರೂದ್ ಹ್ಯಾಂಗೂ ತಡವೇ ಅಲ್ದಾ?"

ತಿಮಿಂಗಿಲ ಕಡಲಿನ ಕಡೆ ನೋಡಿದ. ಕಾವಳ ಬಿಟ್ಟು ಏನೂ ಕಾಣಲಿಲ್ಲ. ತಂಗಿಯ ಮುಖ ನೋಡಿದ. ಅದು ಎಷ್ಟು ಸೊರಗಿದೆ ಎಂದು ಅವನಿಗೆ ಆಗಲೇ ಸರಿಯಾಗಿ ಕಂಡಿತು.

"ಒಂದ್ ಗಳಿಗೆ," ಎಂದ. ಮರಳದಿಬ್ಬ ಬಿಟ್ಟು ಹೋದ.

ನನಗೆ ಇಲ್ಲಿಗೆ ಬಂದಾಗಲೆಲ್ಲ ಕತೆ ನಿಲ್ಲಿಸಿಬಿಡೋಣ ಎನ್ನಿಸುತ್ತದೆ. ಆದರೆ ನಾನು ನಿಲ್ಲಿಸಿದರೆ ನಡೆದದ್ದು ನಿಲ್ಲುತ್ತದೆಯೇ?

ಬಂಡೆಯ ಕೋಡಿನ ಆಚೆ ತಿಮಿಂಗಿಲ ಹಗ್ಗಕ್ಕೆ ಕೈ ಹಾಕಿದ. ಬಲೆ ಕದಲಿತು. ಜನ ಕೂಗು ಹಾಕಿದರು. ಎಳೆದ ಹಾಗೆ ಬಲೆ ಹತ್ತಿರ ಬಂತು, ಬಲೆಯ ಹೊಟ್ಟೆಯಲ್ಲಿ ಮೀನು ಮಿಂಚತೊಡಗಿತು.

"ಉಸ್ರ್ ಕಟ್ಟಿ!" ಎಂದು ಗುರಿಕಾರ ಕೂಗಿದ.

ಎಲ್ಲರೂ ಉಸಿರು ಕಟ್ಟಿದರು. ತಿಮಿಂಗಿಲನೂ ಕಟ್ಟಿದ. ಅವನು ಎಂದೂ ರಂಪಣಿ ಎಳೆದವನಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಉಳಿದವರಿಗೆ ಕಟ್ಟಿದ ಉಸಿರು ಅಲ್ಲಲ್ಲಿ ಜಾರಿತು, ಅವರು ಕದ್ದು ಕದ್ದು ಉಸಿರಾಡಿದರು. ಬಲೆಯೇನೂ ಹರಿಯಲಿಲ್ಲ. ತಿಮಿಂಗಿಲ ಮಾತ್ರ ಬಿಡಲಿಲ್ಲ. ಎದೆ ಬಿರಿಯುವ ಹಾಗಾದರೂ ಬಿಡಲಿಲ್ಲ. ತಂಗಿಯ ಮನೆಯ ಪಾಲು, ತನ್ನಿಂದ ಬಲೆ ಹರಿಯಬಾರದು ಎಂಬುದೊಂದೇ ಅವನ ತಲೆಯಲ್ಲಿತ್ತು.

ಅದೇ ಹೊತ್ತಿಗೆ ಅಳಿವೆಯ ಹೊರಗೆ ಹಲಸಿನ ಮರದ ದೋಣಿ ಬಂದು ನಿಂತಿತು.

ಹೆರಿಯ ದಡದ ಕಡೆ ನೋಡಿದ. ಕಾವಳ. ಕಪ್ಪು ಬಂಡೆ. ಮತ್ತೆ ಕಾವಳ. ಬಿಳಿ ಉಸಿರು ಎಲ್ಲೂ ಇಲ್ಲ. ಹುಟ್ಟು ಎತ್ತಿ ಹಿಡಿದು ಕಾದ. ಕಿವಿಗೊಟ್ಟು ಕೇಳಿದ. ಹೂಷ್ ಎಂಬ ಸದ್ದೂ ಇಲ್ಲ.

"ಪಡುಗಾಳಿ, ನನ್ನ ಭಾವನ ಉಸ್ರ್ ಕಂಡ್ಯಾ?" ಎಂದು ಕೇಳಿದ.

"ನಾನು ಕಡಲಿನಿಂದ ಬರುವವಳು. ದಡದಲ್ಲಿ ಏನಿದೆ ಎಂದು ನನಗೇನು ಗೊತ್ತು?" ಎಂದಳು ಪಡುಗಾಳಿ.

ಆಗ ಬಂಡೆಗಳ ನಡುವಿನಿಂದ ಹೊಳೆ ಕರೆಯಿತು. "ಹೆರಿಯ, ನಾನೇ. ನಿಮ್ಮೂರಿನ ಹೊಳೆ. ಇದೇ ಅಳಿವೆ. ಬಾ, ಒಳಗೆ ಬಾ."

ಹೆರಿಯ ತಲೆ ಅಲ್ಲಾಡಿಸಿದ. "ಎಲ್ಲ ಹೊಳೆನೂ ಹೀಂಗೇ ಕರೀತ್. ಇದ್ ನಮ್ಮ ಅಳಿವೆ ಆದ್ರೆ ಭಾವ ನಿಂತಿರ್ತಿದ್ದ. ಅವ ನನ್ನ ಬಿಟ್ಟ್ ಹೋಪವ ಅಲ್ಲ."

"ನಿಂತಿದ್ದ. ಈಗಷ್ಟೇ ಹೋದ," ಎಂದಿತು ಹೊಳೆ.

"ಸುಳ್ಳ್ ಹೇಳ್ಬೇಡ," ಎಂದ ಹೆರಿಯ. ಅವನಿಗೆ ಸಿಟ್ಟು ಬಂದಿತ್ತು. ಯಾವುದೋ ಪರವೂರಿನ ಹೊಳೆ ತನ್ನ ಭಾವನ ಮೇಲೆ ಚಾಡಿ ಹೇಳುತ್ತಿದೆ ಎಂದುಕೊಂಡ. ನಮ್ಮ ಊರು ಇನ್ನೂ ಬಡಗು ದಿಕ್ಕಿಗಿರಬೇಕು ಎಂದು ದೋಣಿ ತಿರುಗಿಸಿದ. ಭಾರದ ದೋಣಿ ನಿಧಾನಕ್ಕೆ ತಿರುಗಿತು, ನಿಧಾನಕ್ಕೆ ಕಾವಳದೊಳಗೆ ಹೋಯಿತು. ಹೊಳೆ ಕೂಗಿದ್ದೇ ಬಂತು.

ಇತ್ತ ಮೀನು ಮರಳು ಮುಟ್ಟಿತು. ದಡವೆಲ್ಲ ಬೆಳ್ಳಿ. ಮಕ್ಕಳು ಕುಣಿದರು, ಮುದುಕರು ಅತ್ತರು. ತಿಮಿಂಗಿಲ ಕಟ್ಟಿದ್ದ ಉಸಿರನ್ನು ಒಮ್ಮೆಲೇ ಬಿಟ್ಟ. ಹೂಷ್! ಬಿಟ್ಟವನಿಗೆ ತಟ್ಟನೆ ಅಳಿವೆಯ ನೆನಪಾಯಿತು. ಆಗ ಅವನು ಏಡಿಗಳನ್ನೂ ನೋಡದೆ ಓಡಿದ.

ಮರಳದಿಬ್ಬದ ತುದಿಯಲ್ಲಿ ನಿಂತು ಕೇಳಿದ. "ಹೊಳೆಯಮ್ಮ, ಭಾವ ಬಂದ್ನಾ?"

ಹೊಳೆ ನಡೆದದ್ದನ್ನು ನಡೆದ ಹಾಗೆ ಹೇಳಿತು. ಹೆರಿಯ ಭಾವನ ಬಗ್ಗೆ ಆಡಿದ ಮಾತನ್ನೂ ಹೇಳಿತು. ಹೊಳೆಗೆ ಮುಚ್ಚಿಡಲು ಬರುವುದಿಲ್ಲ, ಅದು ಅದರ ದೊಡ್ಡ ಕೆಟ್ಟ ಗುಣ.

"ಅವ ನನ್ನ ಬಿಟ್ಟ್ ಹೋಪವ ಅಲ್ಲ ಅಂದ್ನಾ?"

"ಅಂದ."

ತಿಮಿಂಗಿಲ ಅಲ್ಲೇ ನಿಂತು ಉಸಿರು ಬಿಟ್ಟ. ಕತ್ತಲಾಗುವವರೆಗೆ ಬಿಟ್ಟ, ಬೆಳಗಾಗುವವರೆಗೆ ಬಿಟ್ಟ. ಗಂಟಲು ಒಣಗಿತು, ನೆತ್ತಿ ಉರಿಯಿತು. ಹೂಷ್ ಎಂದರೆ ದಾರಿ ಇಲ್ಲಿದೆ. ಹೂಷ್ ಎಂದರೆ ಮನೆ ಇಲ್ಲಿದೆ. ಯಾರೂ ಬರಲಿಲ್ಲ.

ಬೆಳಿಗ್ಗೆ ಮರಳಿನ ಮೇಲೆ ಪಾಲು ಹಾಕಿದ್ದರು. ಪ್ರತಿ ಮನೆಗೆ ಒಂದು ರಾಶಿ ಬಂಗುಡೆ. ಹೆರಿಯನ ಮನೆಗೂ ಒಂದು ರಾಶಿ ಇತ್ತು. ಗುರಿಕಾರ ತನ್ನ ಪಾಲನ್ನೂ ತಂದು ಅದರ ಮೇಲೆ ಸುರಿದ.

"ತಪ್ಪ್ ನಂದ್ ಮಗಾ," ಎಂದ ಬಚ್ಚಿಗೆ. "ಮೊದ್ಲ್ ಕರೆದವ ನಾನ್."

"ನೀವ್ ಕರೆದ್ರಿ, ಅವ ಬರ್ಲಿಲ್ಲ," ಎಂದಳು ಬಚ್ಚಿ. "ನಾ ಕರೆದೆ, ಬಂದ."

ಅವಳು ಅಳಲಿಲ್ಲ. ಆ ರಾಶಿಯನ್ನು ಬುಟ್ಟಿಗೆ ತುಂಬಲೂ ಇಲ್ಲ. ಊರಿನ ಒಲೆಗಳೆಲ್ಲ ಉರಿದವು, ಮೀನು ಬೇಯುವ ವಾಸನೆ ಎಲ್ಲ ಮನೆಗಳಿಂದ ಬಂತು. ಹೆರಿಯನ ಪಾಲು ಬಿಸಿಲಿಗೆ ಮರಳಿನ ಮೇಲೇ ಒಣಗಿತು. ಕಾಗೆಗಳಿಗೂ ಅದನ್ನು ಮುಟ್ಟುವ ಮನಸ್ಸಾಗಲಿಲ್ಲ ಎನ್ನುತ್ತಾರೆ. ಕಾಗೆಗಳ ವಿಷಯದಲ್ಲಿ ನಾನು ಅದನ್ನು ಪೂರ್ತಿ ನಂಬುವುದಿಲ್ಲ, ಆದರೂ ಹೇಳಿದ್ದೇನೆ.

ಊರವರು ದೋಣಿ ತೆಗೆದುಕೊಂಡು ಬಡಗು ದಿಕ್ಕಿಗೆ ಹುಡುಕಿದರು, ತೆಂಕು ದಿಕ್ಕಿಗೂ ಹುಡುಕಿದರು. ಒಂದು ಹುಟ್ಟು ಕೂಡ ಸಿಗಲಿಲ್ಲ. ಬರುಬರುತ್ತಾ ಒಬ್ಬೊಬ್ಬರೇ ಹುಡುಕುವುದನ್ನು ಬಿಟ್ಟರು. ಅವರಿಗೂ ಮನೆ, ಮಕ್ಕಳು ಇದ್ದರಲ್ಲ.

ಒಂದು ಬೆಳಿಗ್ಗೆ ತಿಮಿಂಗಿಲ ಮರಳದಿಬ್ಬ ಇಳಿದು ನೀರಿಗೆ ಕಾಲಿಟ್ಟ.

"ಎಲ್ಲಿಗ್ ಅಣ್ಣಯ್ಯ?" ಬಚ್ಚಿ ಹಿಂದಿನಿಂದ ಓಡಿ ಬಂದಳು.

"ಭಾವನ್ನ ಕರ್ಕಂಡ್ ಬತ್ತೆ."

"ನಿಂಗ್ ಈಜುಕೆ ಬತ್ತಿಲ್ಲ."

"ಹೋತಾ ಹೋತಾ ಕಲೀತೆ."

ಬಚ್ಚಿ ಅವನನ್ನು ತಡೆಯಬೇಕೆಂದುಕೊಂಡಳು. ಇವನೂ ಹೋದರೆ ತನಗೆ ಯಾರು? ಆದರೆ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಒಮ್ಮೆ ಕರೆದು ಆಗಿತ್ತು, ಇನ್ನೊಮ್ಮೆ ಕರೆಯುವ ಧೈರ್ಯ ಅವಳಿಗಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಅವನ ದೊಡ್ಡ ಕೆನ್ನೆಯನ್ನು ಮುಟ್ಟಿದಳು.

"ಎಲ್ಲಿ ಹೋದ್ರೂ ಉಸ್ರ್ ಬಿಡ್ತಾ ಇರ್ ಅಣ್ಣಯ್ಯ. ಅವ್ರ್ ಅದನ್ನೇ ಹುಡುಕ್ತಾ ಇಪ್ಪುದ್."

"ಬಿಡ್ತಾ ಇರ್ತೆ," ಎಂದ.

ನೀರು ಅವನ ಮೊಣಕಾಲಿಗೆ ಬಂತು, ಹೊಟ್ಟೆಗೆ ಬಂತು, ಕುತ್ತಿಗೆಗೆ ಬಂತು. ಆಮೇಲೆ ನೆತ್ತಿ ಮಾತ್ರ ಕಂಡಿತು. ಆಮೇಲೆ ಒಂದು ಬಿಳಿ ಉಸಿರು. ಆಮೇಲೆ ಬರೀ ಕಡಲು.

ಕಡಲಿನೊಳಗೆ ಅವನ ಪಾಡು ನೋಡಲಾಗುತ್ತಿರಲಿಲ್ಲ. ಮೊದಮೊದಲು ತಳದ ಕೆಸರಿನಲ್ಲಿ ಎಡವಿ ಎಡವಿ ನಡೆದ. ಮುಳುಗಿರುವಾಗ ಉಸಿರು ಕಟ್ಟಿಕೊಳ್ಳುತ್ತಿದ್ದ. ಆ ವಿದ್ಯೆ ಅವನಿಗೆ ಚೆನ್ನಾಗಿ ಬರುತ್ತಿತ್ತು, ಅದನ್ನು ಎಲ್ಲಿ ಕಲಿತನೆಂದು ನಿನಗೆ ಗೊತ್ತೇ ಇದೆ. ತಡೆಯಲಾಗದಿದ್ದಾಗ ಮೇಲೆ ಬಂದು ಉಸಿರು ಬಿಡುತ್ತಿದ್ದ. ಬಿಟ್ಟು, ಸುತ್ತ ನೋಡಿ, ಮತ್ತೆ ಮುಳುಗುತ್ತಿದ್ದ.

ಬಹಳ ಕಾಲ ಹೀಗೆ ಕಳೆಯಿತು. ನಡೆಯುವ ನೆಲವಿಲ್ಲದ ಮೇಲೆ ಕಾಲು ಯಾಕೆ ಎಂದು ಕಡಲು ಅವನ ಹಿಂಗಾಲುಗಳನ್ನು ತೆಗೆದುಕೊಂಡಿತು. ಮುಂಗಾಲುಗಳನ್ನು ತೇದು ತೇದು ಹುಟ್ಟಿನ ಹಾಗೆ ಚಪ್ಪಟೆ ಮಾಡಿತು. ಬಾಲವನ್ನು ಅಗಲ ಮಾಡಿಕೊಟ್ಟಿತು. ತಿಮಿಂಗಿಲ ಎಲ್ಲದಕ್ಕೂ ಆಗಲಿ ಎಂದ. ಬೇಗ ಹೋಗಲು ಅನುಕೂಲವಾದರೆ ಸಾಕಿತ್ತು ಅವನಿಗೆ.

ಮೀನುಗಳು ಅವನನ್ನು ನೋಡಿ ಮರುಗಿದವು. ಒಂದು ದಿನ ಮುದಿ ಮುರು ಮೀನೊಂದು ಅವನ ಹತ್ತಿರ ಬಂದಿತು.

"ಅಪ್ಪಾ, ಹೀಗೆ ಏರಿ ಇಳಿದು ಎಷ್ಟು ದಿನ ಸಾಯುತ್ತೀ? ನಮ್ಮ ಹಾಗೆ ಕಿವಿರು ತೆಗೆದುಕೋ. ನಾವೆಲ್ಲ ಕಡಲನ್ನು ಕೇಳಿ ಕೊಡಿಸುತ್ತೇವೆ. ನೀರಿನಲ್ಲೇ ಉಸಿರಾಡಬಹುದು. ಮೇಲೆ ಬರುವ ಕಷ್ಟವೇ ಇಲ್ಲ."

ಕಡಲೂ ಅದಕ್ಕೆ ಒಪ್ಪಿತು. ತನ್ನ ಮುನಿಸಿನಿಂದಲೇ ಇಷ್ಟೆಲ್ಲ ಆಯಿತು ಎಂದು ಅದಕ್ಕೂ ಒಳಗೊಳಗೆ ಚುಚ್ಚುತ್ತಿತ್ತೋ ಏನೋ.

ತಿಮಿಂಗಿಲ ಬಹಳ ಹೊತ್ತು ಯೋಚಿಸಿದ. ಅವನಿಗೆ ದಣಿವಾಗಿತ್ತು. ಕೊನೆಗೆ ಬೇಡ ಎಂದ.

"ನೀರೊಳ್ಗೆ ಉಸ್ರ್ ಬಿಟ್ರೆ ಭಾವನಿಗ್ ಹ್ಯಾಂಗ್ ಕಾಣುದ್?"

ಮುರು ಮೀನು ಬಾಲ ತಿರುಗಿಸಿ ಹೋಯಿತು. ಹೀಗಾಗಿ ತಿಮಿಂಗಿಲ ಕಡಲಿನಲ್ಲೇ ಉಳಿದರೂ ಮೀನಾಗಲಿಲ್ಲ.

ಮುಂದೆ ಒಂದು ದಿನ ಕಡಲಿನ ನಡುವೆ ಅವನಿಗೆ ಒಂದು ದೋಣಿ ಕಂಡಿತು. ದೋಣಿ ಮಗುಚಬಾರದು ಎಂದು ಮೆಲ್ಲಗೆ, ತೀರಾ ಮೆಲ್ಲಗೆ ಪಕ್ಕಕ್ಕೆ ಬಂದ. ಹೂಷ್ ಎಂದು ಉಸಿರು ಬಿಟ್ಟ. ದೋಣಿಯೊಳಗೆ ಯಾರಿದ್ದಾರೆ ಎಂದು ಕಾಣಬೇಕಲ್ಲ, ಅದಕ್ಕೆ ಒಂದು ಮಗ್ಗುಲಿಗೆ ಹೊರಳಿ ಒಂದು ಕಣ್ಣನ್ನು ನೀರಿನಿಂದ ಮೇಲೆತ್ತಿದ. ಒಬ್ಬೊಬ್ಬರ ಮುಖವನ್ನೇ ನೋಡಿದ.

ದೋಣಿಯಲ್ಲಿದ್ದವರು ದೂರದ ಊರಿನವರು. ಒಬ್ಬ ದೇವರನ್ನು ಕರೆದ, ಇನ್ನೊಬ್ಬ ಹೆದರಿ ಈಟಿ ಎಸೆದ. ಈಟಿ ಭುಜಕ್ಕೆ ನಾಟಿತು. ತಿಮಿಂಗಿಲ ಸಿಟ್ಟಾಗಲಿಲ್ಲ. ಎಲ್ಲರ ಮುಖ ನೋಡಿ ಮುಗಿದ ಮೇಲೆ ಕಣ್ಣು ಮುಚ್ಚಿದ. ಭಾವ ಇರಲಿಲ್ಲ. ಸದ್ದಿಲ್ಲದೆ ಕೆಳಗಿಳಿದು ಹೋದ.

ಅಂದಿನಿಂದ ಎಲ್ಲಿ ದೋಣಿ ಕಂಡರೂ ಹೀಗೇ. ಪಕ್ಕಕ್ಕೆ ಬಂದ, ಉಸಿರು ಬಿಟ್ಟ, ಹೊರಳಿ ನೋಡಿದ, ಇಳಿದು ಹೋದ.

ಬಚ್ಚಿಯ ಊರಿನ ದೋಣಿಗಳಿಗೂ ಅವನು ಆಗಾಗ ಎದುರಾಗುತ್ತಿದ್ದ. ಅವರು ಹೆದರುತ್ತಿರಲಿಲ್ಲ. ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ, ಹುಟ್ಟು ಹಾಕುವುದನ್ನು ನಿಲ್ಲಿಸಿ, ಮುಖ ಸರಿಯಾಗಿ ಕಾಣಲಿ ಎಂದು ಅವನ ಕಡೆಗೆ ತಿರುಗಿ ಕೂರುತ್ತಿದ್ದರು. ಅಷ್ಟೊಂದು ತಪ್ಪಿಗೆ ಅವರಿಂದ ಅಷ್ಟೇ ಮಾಡಲು ಸಾಧ್ಯವಿತ್ತು. ದಡಕ್ಕೆ ಬಂದು ಬಚ್ಚಿಗೆ ಹೇಳುತ್ತಿದ್ದರು.

"ದೊಡ್ಡಣ್ಣ ಸಿಕ್ಕಿದ್ದ."

"ಒಬ್ನೇ ಇದ್ನಾ?" ಎಂದು ಅವಳು ಕೇಳುತ್ತಿದ್ದಳು.

"ಒಬ್ನೇ."

ಬಚ್ಚಿ ತಲೆ ಆಡಿಸಿ ಮರಳದಿಬ್ಬಕ್ಕೆ ಹೋಗಿ ಕೂರುತ್ತಿದ್ದಳು. ಅವಳ ತಲೆ ನರೆಯಿತು, ಬೆನ್ನು ಬಾಗಿತು. ಆಕಾಶದಲ್ಲಿ ಚುಕ್ಕಿಗಳು ಹುಟ್ಟಿದವು. ಅವನ್ನು ನೋಡಿ ದಾರಿ ತಿಳಿಯುವುದನ್ನು ಊರವರು ಕಲಿತರು, ಎಲ್ಲರಿಗೂ ಸಂತೋಷವಾಯಿತು. ನನಗೆ ಮಾತ್ರ ಚುಕ್ಕಿಗಳ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಬರುವುದಿದ್ದರೆ ಸ್ವಲ್ಪ ಮೊದಲೇ ಬರಬಹುದಿತ್ತು. ಹೀಗೇ ಒಂದು ಮಳೆಗಾಲದ ಕೊನೆಗೆ ಬಚ್ಚಿ ಮಲಗಿದವಳು ಏಳಲಿಲ್ಲ. ಊರವರು ಅವಳನ್ನು ಅಳಿವೆಯ ಪಕ್ಕದಲ್ಲೇ ಮಣ್ಣು ಮಾಡಿದರು.

ಆ ಸುದ್ದಿಯನ್ನು ತಿಮಿಂಗಿಲನಿಗೆ ಯಾರು ಹೇಳಬೇಕು? ಗುರಿಕಾರನ ಮಗ ಹೇಳುತ್ತೇನೆಂದು ದೋಣಿ ಹತ್ತಿದ. ಕಡಲಿನ ನಡುವೆ ತಿಮಿಂಗಿಲ ಪಕ್ಕಕ್ಕೆ ಬಂದು ಆ ಕಣ್ಣನ್ನು ಮೇಲೆತ್ತಿ ಅವನ ಮುಖ ನೋಡಿದಾಗ ಅವನ ನಾಲಿಗೆಯೇ ಏಳಲಿಲ್ಲ. ಹಾಗೇ ಮರಳಿ ಬಂದ. ಆಮೇಲೆ ಅವನ ಮಗನೂ ಹೋದ, ಅವನೂ ಹೇಳಲಿಲ್ಲ.

ಇನ್ನೊಂದು ಮಾತನ್ನೂ ಅವನಿಗೆ ಯಾರೂ ಹೇಳಲಿಲ್ಲ. ತಿಮಿಂಗಿಲನ ಆಯುಷ್ಯ ದೊಡ್ಡದು, ಮನುಷ್ಯರದು ಚಿಕ್ಕದು. ಹೆರಿಯ ಎಲ್ಲೇ ದಡ ಸೇರಿದ್ದರೂ, ಯಾವ ದಡವನ್ನೂ ಸೇರದೇ ಇದ್ದಿದ್ದರೂ, ಅವನು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ತಿಮಿಂಗಿಲನಿಗೆ ಅದು ಗೊತ್ತಿರಲಿಲ್ಲ. ಭಾವ ಇನ್ನೂ ಎಲ್ಲೋ ಹುಟ್ಟು ಹಾಕುತ್ತಿದ್ದಾನೆ, ಭಾರದ ದೋಣಿ, ತಡವಾಗುತ್ತಿದೆ, ಅಷ್ಟೇ ಎಂದು ಅವನ ಎಣಿಕೆ. ಕಡಲಿನಲ್ಲಿ ಅವನಿಗೂ ಸಂಸಾರವಾಯಿತು, ಮಕ್ಕಳಾದರು. ಅವರಿಗೂ ಅದನ್ನೇ ಹೇಳಿದ. "ದೋಣಿ ಕಂಡ್ರೆ ಬಿಡ್ಬೇಡಿ. ಮಾವ ಇದ್ರೂ ಇರ್ಬೌದ್. ನೋಡಿ ಬನ್ನಿ." ಮಕ್ಕಳು ಅವರ ಮಕ್ಕಳಿಗೆ ಹೇಳಿದರು.

ಆದ್ದರಿಂದಲೇ ಮಗೂ, ಇವತ್ತಿಗೂ ತಿಮಿಂಗಿಲ ಎಷ್ಟು ಆಳಕ್ಕೆ ಹೋದರೂ ಮೇಲೆ ಬಂದು ಬೆಳ್ಳಗೆ ಉಸಿರು ಬಿಡುತ್ತದೆ. ಮುಂದೆ ನೀನು ದೊಡ್ಡ ಕಡಲಿನಲ್ಲಿ ದೋಣಿಯ ಮೇಲೆ ಹೋಗುವಾಗ ಪಕ್ಕದ ನೀರು ಉಬ್ಬಿ, ಗುಡ್ಡದಂಥ ಮೈಯೊಂದು ಮೆಲ್ಲಗೆ ಹೊರಳಿ, ಒಂದೇ ಒಂದು ಕಣ್ಣು ನಿನ್ನನ್ನು ಬಹಳ ಹೊತ್ತು ನೋಡಿದರೆ ಕಿರುಚಬೇಡ. ಮುಖ ಮುಚ್ಚಿಕೊಳ್ಳಬೇಡ, ಅದು ನೋಡಿಕೊಳ್ಳಲಿ. ಆಮೇಲೆ ಅದು ಕಣ್ಣು ಮುಚ್ಚಿ ಸುಮ್ಮನೆ ಇಳಿದು ಹೋಗುತ್ತದಲ್ಲ, ಅದು ನಿನ್ನ ಮೇಲಿನ ಸಿಟ್ಟಲ್ಲ. ನೀನು ಹೆರಿಯ ಅಲ್ಲ, ಅಷ್ಟೇ.